ಆಸಿಡ್ಡಿನಲ್ಲಿ ತೊಳೆದ ಹರಳುಗಳು

ಚಾಮರಾಜನಗರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದ ವರ್ಷಗಳವು. ಭಾನುವಾರ ಬಂತೆಂದರೆ ಹೊಲದ ಬದುಗಳ ಮೇಲೆ ಕಲ್ಲು ಹುಡುಕುತ್ತಾ ತಿರುಗುತ್ತಿದ್ದೆ. ನಮ್ಮ ಸೀಮೆಯಲ್ಲಿ ಕಲ್ಲು ಎಂದರೆ ಎಲ್ಲರ ಕಣ್ಣೂ ಕ್ವಾರಿಯ ಕರಿಕಲ್ಲಿನ ಕಡೆಗೇ. ನೇಗಿಲಿಗೆ ಅಡ್ಡ ಬಂದ ಬೆಣಚುಕಲ್ಲನ್ನು ರೈತರು ಬೈದುಕೊಂಡು ಬದುವಿಗೆ ಎಸೆಯುತ್ತಾರೆ. ಹಾಗೆ ಎಸೆದ ರಾಶಿಯಲ್ಲಿ ಅಪರೂಪಕ್ಕೆ ಆರು ಮುಖದ, ತುದಿ ಚೂಪಾದ, ಗಾಜಿನಂಥ ಹರಳು ಸಿಗುತ್ತಿತ್ತು. ಅದನ್ನು ಯಾರೂ ಕೆತ್ತಿದ್ದಲ್ಲ, ಉಜ್ಜಿದ್ದಲ್ಲ. ನೆಲದೊಳಗೆ ಬಿಸಿನೀರು ಹರಿದು, ಆರಿ, ತಾನೇ ಹಾಗೆ ಬೆಳೆದದ್ದು. ಅದನ್ನು ಬಿಸಿಲಿಗೆ ಹಿಡಿದು ನೋಡುವುದರಲ್ಲಿ ನನಗೆ ಸಿಗುತ್ತಿದ್ದ ಸುಖವನ್ನು ಯಾರಿಗೂ ವಿವರಿಸಲು ಆಗುತ್ತಿರಲಿಲ್ಲ. ನನ್ನ ಗಂಡ ಕೂಡ ನಕ್ಕು ಸುಮ್ಮನಾಗುತ್ತಿದ್ದರು.

ನನ್ನ ಅಕ್ಕನನ್ನು ಕೊಟ್ಟದ್ದು ತೆರಕಣಾಂಬಿಗೆ. ಭಾವನದು ಈರುಳ್ಳಿ, ಅರಿಸಿನ ಬೆಳೆಯುವ ಕುಟುಂಬ. ಭಾವ ಕೆಟ್ಟವರಲ್ಲ. ಬಾಯಿ ದೊಡ್ಡದು, ಕೈಯೂ ದೊಡ್ಡದು. ನಾನು ಹೋದಾಗಲೆಲ್ಲ ಬಸ್ ಸ್ಟ್ಯಾಂಡಿಗೇ ಬಂದು ಬ್ಯಾಗು ಎತ್ತಿಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರು ಹೊಲದ ಮೇಲ್ಭಾಗದ ದಿಣ್ಣೆಯನ್ನು ಮಟ್ಟ ಮಾಡಲು ಜೆಸಿಬಿ ಕರೆಸಿದರು. ಮಾರನೆಯ ದಿನ ಅಕ್ಕ ಫೋನ್ ಮಾಡಿದಳು.

"ಬಾ ಕಣಮ್ಮಿ, ನಿನ್ ಕಲ್ಗಳು ರಾಶಿ ಬಿದ್ದವೆ. ನಿಮ್ ಭಾವ ಯಾರ್ಗೂ ಮುಟ್ಟುಸ್ತಾ ಇಲ್ಲ."

ಹೋಗಿ ನೋಡಿದರೆ ಜೆಸಿಬಿಯ ಹಲ್ಲು ಒಂದು ಪೊಟರೆಯ ಬಾಯಿ ತೆರೆದಿತ್ತು. ಒಳಗೆಲ್ಲ ಒದ್ದೆ ಕೆಮ್ಮಣ್ಣು. ಆ ಮಣ್ಣಿನಲ್ಲಿ ಹಲಸಿನ ತೊಳೆಯ ಬೀಜದಂತೆ ಹರಳುಗಳು ಹುದುಗಿದ್ದವು. ನಾನು ಸೀರೆ ಸಿಕ್ಕಿಸಿಕೊಂಡು ಗುಂಡಿಗಿಳಿದು ಕೈಯಿಂದಲೇ ಬಗೆದೆ. ಹೆಚ್ಚಿನವು ಮುರಿದಿದ್ದವು. ಆದರೆ ಒಂದು ಮಾತ್ರ ಅಂಗೈ ಉದ್ದದ್ದು, ಎರಡೂ ಕಡೆ ಚೂಪಾದದ್ದು, ಹೊಗೆಬಣ್ಣದ್ದು. ಬಂಡೆಗೆ ಅಂಟದೆ ಮಣ್ಣಿನಲ್ಲಿ ತೇಲಿದಂತೆ ಬೆಳೆದರೆ ಮಾತ್ರ ಎರಡೂ ತುದಿ ಹಾಗೆ ಕೂಡುತ್ತವೆ. ಕಾಲುವೆಯ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಿಡಿದು ನೋಡಿದೆ. ಹರಳಿನ ಒಳಗೆ ಇನ್ನೊಂದು ಹರಳಿನ ನೆರಳಿತ್ತು. ಬೆಳೆಯುತ್ತಾ ಬೆಳೆಯುತ್ತಾ ಒಮ್ಮೆ ನಿಂತು, ಮೈಮೇಲೆ ಧೂಳಿನ ಪದರ ಕೂತು, ಎಷ್ಟೋ ಕಾಲದ ಮೇಲೆ ಮತ್ತೆ ಬೆಳೆಯಲು ಶುರುವಾದ ಹರಳು ಅದು. ಅದರ ಬಾಲ್ಯ ಅದರ ಹೊಟ್ಟೆಯೊಳಗೇ ಕಾಣುತ್ತಿತ್ತು.

"ಏನ್ ಬೆಲೆ ಬಾಳ್ತದಮ್ಮಿ ಇದು?" ಎಂದರು ಭಾವ.

"ತುಂಬ ಬೆಲೆ ಭಾವ. ಆದ್ರೆ ಹೀಗೇ ಇದ್ರೆ ಮಾತ್ರ. ತುದಿ ಮುಕ್ಕಾಗಬಾರದು, ಉಜ್ಜಬಾರದು, ಪಾಲಿಶ್ ಮಾಡಬಾರದು. ಮುಖದ ಮೇಲೆ ಈ ಅಡ್ಡಗೆರೆಗಳಿವೆ ನೋಡಿ, ಇವು ಅದು ಬೆಳೆದ ಗುರುತು. ಗೊತ್ತಿರೋರು ಇದನ್ನೇ ನೋಡೋದು. ಮೈಸೂರಿನ ಕಾಲೇಜಲ್ಲಿ ತೋರಿಸೋಣ, ನಾನೇ ವಿಚಾರಿಸ್ತೀನಿ."

ಭಾವ ತಲೆಯಾಡಿಸಿದರು. ಆದರೆ ನಾನು ಆಡಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು "ತುಂಬ ಬೆಲೆ" ಎಂಬುದೊಂದೇ ಎಂದು ನನಗೆ ಆಮೇಲೆ ತಿಳಿಯಿತು.

ಪರೀಕ್ಷೆ, ಪೇಪರ್ ವ್ಯಾಲ್ಯುಯೇಷನ್ ಅಂತ ಕೆಲವು ವಾರ ನನಗೆ ಹೋಗಲಾಗಲಿಲ್ಲ. ಮತ್ತೆ ಹೋದಾಗ ಅಕ್ಕನ ಹಿತ್ತಿಲಿಗೆ ಕಾಲಿಡುತ್ತಲೇ ಗಂಟಲು ಕೆರೆಯಿತು. ಮಕ್ಕಳನ್ನು ಮೀಯಿಸುತ್ತಿದ್ದ ಪ್ಲಾಸ್ಟಿಕ್ ಟಬ್ಬಿನಲ್ಲಿ ಹಳದಿ ನೀರು. ಅದರೊಳಗೆ ಹರಳುಗಳು. ಪಕ್ಕದಲ್ಲಿ ಕಕ್ಕಸು ತೊಳೆಯುವ ಆಸಿಡ್ಡಿನ ಖಾಲಿ ಬಾಟಲಿಗಳು. ನೀರು ಚೆಲ್ಲಿದ ಕಡೆ ಕರಿಬೇವಿನ ಗಿಡ ಸುಟ್ಟು ಕಪ್ಪಾಗಿತ್ತು. ಅಕ್ಕ ಮೂಗಿಗೆ ಸೆರಗು ಹಿಡಿದುಕೊಂಡೇ ಮಾತನಾಡಿದಳು.

"ಗುಂಡ್ಲುಪೇಟೇಲಿ ಊಟಿ ರೋಡ್ನಾಗೆ ಒಬ್ಬ ಹರಳಿನ ಅಂಗಡಿ ಮಡಗವ್ನೆ. ಅವ್ನು ಏಳಿದ್ನಂತೆ, ಕೆಂಪು ಹೋಗ್ಬೇಕು, ಬೆಳ್ಳಗಿದ್ರೆ ಗಿರಾಕಿ ಬತ್ತಾರೆ ಅಂತ. ನಿಮ್ ಭಾವ ಈರುಳ್ಳಿ ಕಡೆ ತಲೇನೇ ಆಕ್ತಿಲ್ಲ."

ಭಾವ ಬರಿಗೈಯಲ್ಲೇ ಟಬ್ಬಿಗೆ ಕೈಹಾಕಿ ಒಂದು ಹರಳು ತೆಗೆದು ತೋರಿಸಿದರು. ಬೆರಳ ತುದಿಯ ಚರ್ಮ ಸುಲಿದು ಬಿಳಿಚಿಕೊಂಡಿತ್ತು. "ಎಂಗದೆ? ಫಳಫಳ ಅಂತದೆ!"

"ಭಾವ, ಹರಳಲ್ಲಿ ಬಿರುಕಿರ್ತವೆ. ಆಸಿಡ್ ಒಳಗೆ ಕೂತ್ಕೊಂಡ್ಬಿಡುತ್ತೆ. ಹೀಗೆ ಅದ್ದಿ ತೆಗೆದು ಮಾರಬೇಡಿ. ಮಕ್ಕಳಿರೋ ಮನೆ ಬೇರೆ."

"ನೀ ಒಬ್ಳು. ಎಲ್ಲದ್ಕೂ ಪಾಠ ಮಾಡ್ತೀಯ" ಎಂದು ನಕ್ಕುಬಿಟ್ಟರು. ಹೊಗೆಬಣ್ಣದ ಆ ದೊಡ್ಡ ಹರಳು ಎಲ್ಲಿ ಎಂದು ಕೇಳಿದ್ದಕ್ಕೆ, ಅಂಗಡಿಯವನ ಹತ್ತಿರ ಭದ್ರವಾಗಿದೆ ಎಂದರು. ಅವತ್ತು ಅಕ್ಕ ಮಾಡಿದ ಉಪ್ಪೆಸರಿನಲ್ಲೂ ನನಗೆ ಆಸಿಡ್ಡಿನ ವಾಸನೆಯೇ ಬಂದು, ಅರ್ಧ ಮುದ್ದೆ ಬಿಟ್ಟು ಎದ್ದೆ.

ಶಾಲೆ ಮತ್ತೆ ಶುರುವಾದ ಮೇಲೆ ನನ್ನ ಜೊತೆ ಕನ್ನಡ ಪಾಠ ಮಾಡುತ್ತಿದ್ದ ಗೆಳತಿ ಸ್ವಲ್ಪ ದಿನ ರಜೆ ಹಾಕಿದಳು. ಅವಳ ತಾಯಿಗೆ ವಾಂತಿ, ಗಂಟಲು ಉರಿ, ಏನು ತಿಂದರೂ ನಿಲ್ಲುತ್ತಿಲ್ಲ ಎಂದು ಕೇಳಿ ನೋಡಲು ಹೋದೆ. ಆ ತಾಯಿ ಮಂಡಿನೋವಿನವರು. ಗೋಡೆಗೆ ಒರಗಿ ಕೂತಿದ್ದರು. ತುಟಿ ಒಡೆದಿತ್ತು. ಅವರ ತಲೆಯ ಹತ್ತಿರ ಸ್ಟೂಲಿನ ಮೇಲೆ ಒಂದು ಗಾಜಿನ ಲೋಟ, ಲೋಟದಲ್ಲಿ ನೀರು, ನೀರಿನಲ್ಲಿ ಒಂದು ಹರಳು.

"ಇದೇನಮ್ಮ?" ಎಂದೆ.

"ಸ್ಫಟಿಕದ ನೀರು ಕಣವ್ವ. ಸಂಜೆ ಆಕಿಟ್ಟು ಬೆಳಗ್ಗೆ ಕುಡುದ್ರೆ ಕೀಲುನೋವು ಓಯ್ತದಂತೆ. ಅಳಿಯಂದ್ರು ಊಟಿಯಿಂದ ಬರ್ತಾ ಗುಂಡ್ಲುಪೇಟೇಲಿ ತಂದ್ರು. ಸುಳ್ಳು ಸಾಮಾನಲ್ಲ. ನಮ್ಮೂರ ಸೈನ್ಸ್ ಟೀಚರೊಬ್ರು ಪರೀಕ್ಷೆ ಮಾಡಿ ಕೊಟ್ಟವ್ರಂತೆ."

ಹರಳನ್ನು ಲೋಟದಿಂದ ತೆಗೆದೆ. ಬುಡದ ಬಿರುಕಿನಲ್ಲಿ ಕೆಮ್ಮಣ್ಣಿನ ಎಳೆ ಇನ್ನೂ ಉಳಿದಿತ್ತು. ಅದರ ಸುತ್ತ ಹಳದಿ. ಮೂಗಿನ ಹತ್ತಿರ ಹಿಡಿದೆ. ಅಕ್ಕನ ಹಿತ್ತಿಲೇ ಅದರೊಳಗಿಂದ ಎದ್ದು ಬಂದ ಹಾಗಾಯಿತು. ಬಚ್ಚಲಿಗೆ ಹೋಗಿ ಲೋಟದ ನೀರು ಚೆಲ್ಲಿ, ಹರಳನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ನನ್ನ ಗೆಳತಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಡಾಕ್ಟರಿಗೂ ಇದನ್ನೇ ಹೇಳು ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು. "ಆ ಟೀಚರ್ ನೀವೇನಾ?" ಎಂದು ಕೇಳಿದಳು. "ಅಲ್ಲ, ನಾನು ಯಾರಿಗೂ ಏನನ್ನೂ ಪರೀಕ್ಷೆ ಮಾಡಿಕೊಟ್ಟಿಲ್ಲ" ಎಂದೆ. ಅವಳು ನಂಬಿದಳು. ಆದರೆ ಆ ಪ್ರಶ್ನೆ ಕೇಳಿಸಿಕೊಂಡದ್ದೇ ನನಗೆ ಮೈಮೇಲೆ ಕೊಳಚೆ ಎರಚಿದ ಹಾಗಿತ್ತು.

ಮಾರನೆಯ ದಿನ ರಜೆ ಹಾಕಿ ಗುಂಡ್ಲುಪೇಟೆ ಬಸ್ ಹತ್ತಿದೆ. ಅಂಗಡಿ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಹಿಂದೆ ಲಾರಿಗಳಿಗೆ ಈರುಳ್ಳಿ ಮೂಟೆ ತುಂಬುತ್ತಿದ್ದರು. ಮುಂದೆ ಕೇರಳದ ಕಾರುಗಳು ನಿಂತಿದ್ದವು. ಅಂಗಡಿಯವನು ಎಲೆಅಡಿಕೆ ಜಗಿಯುತ್ತಾ, ಯಾರೋ ತಂದ ಮಣ್ಣು ಮೆತ್ತಿದ ಕಲ್ಲುಗಳನ್ನು ಒಂದೊಂದಾಗಿ ನಾಲಿಗೆಯಿಂದ ನೆಕ್ಕಿ, ಬೆಳಕಿಗೆ ಹಿಡಿದು ಒಳಗನ್ನು ನೋಡುತ್ತಿದ್ದ. ಕೆಂಪು ಜೊಲ್ಲು ಹರಳಿನ ಮೈಮೇಲೆ ಇಳಿಯುತ್ತಿತ್ತು. ಅದನ್ನು ಲುಂಗಿಗೆ ಒರೆಸಿ ತಟ್ಟೆಗೆ ಹಾಕುತ್ತಿದ್ದ. ಒಳಗೆ ಸ್ಟೂಲಿನ ಮೇಲೆ ನನ್ನ ಭಾವ ಟೀ ಕುಡಿಯುತ್ತಾ ಕೂತಿದ್ದರು.

"ಇವ್ರೇ ಕಣಣ್ಣ ನಮ್ ಟೀಚರು" ಎಂದು ಅವರು ಹೆಮ್ಮೆಯಿಂದಲೇ ಪರಿಚಯ ಮಾಡಿಸಿದರು.

ಅಂಗಡಿಯವನು ಎದ್ದು ಕೈಮುಗಿದ. "ಬನ್ನಿ ಮೇಡಂ. ನಿಮ್ ಮಾತಿನ ಮೇಲೇ ನಮ್ ವ್ಯಾಪಾರ. ಟೀಚರ್ ಅಂದ್ರೆ ಜನ ನಂಬ್ತಾರೆ. ಭಾನುವಾರ ನೀವೇ ಬಂದು ಇಲ್ಲಿ ಕೂತ್ರೆ ಇನ್ನೂ ಚೆನ್ನಾಗಿರ್ತದೆ."

ನಾನು ಚೀಲದಿಂದ ಆ ತಾಯಿಯ ಹರಳನ್ನು ತೆಗೆದು ಅವನ ಮುಂದಿಟ್ಟೆ. "ಇದನ್ನ ನೆಕ್ಕಿ" ಎಂದೆ.

"ಇದು ತೊಳ್ದಿರೋದು ಮೇಡಂ, ಇದನ್ನ ಯಾಕೆ ನೆಕ್ಕೋದು" ಎಂದು ಹಲ್ಲು ಕಿರಿದ.

"ತೊಳೆದಿದ್ರೆ ಇನ್ನೂ ಒಳ್ಳೇದಲ್ವಾ? ಮಣ್ಣಿರೋದನ್ನೇ ನೆಕ್ತಾ ಇದ್ದೀರಿ. ಇದನ್ನ ನೆನೆಸಿದ ನೀರನ್ನ ವಯಸ್ಸಾದವರಿಗೆ ಕುಡಿಸ್ತೀರಿ. ನೀವೂ ಒಂದ್ಸಲ ನೆಕ್ಕಿ."

ಅವನು ಮುಟ್ಟಲಿಲ್ಲ. ಬಾಯಲ್ಲಿದ್ದುದನ್ನು ಬಾಗಿಲಾಚೆ ಉಗಿದು ಬಂದ. "ಕುಡೀರಿ ಅಂತ ನಾನೆಲ್ಲಿ ಹೇಳ್ದೆ? ಜನ ಕೇಳ್ತಾರೆ, ಹೂಂ ಅಂತೀನಿ."

ಭಾವನ ಕಡೆ ತಿರುಗಿದೆ. ಆ ತಾಯಿಯ ಸ್ಥಿತಿ ಹೇಳಿದೆ. ಅವರು ಟೀ ಲೋಟ ಕೆಳಗಿಟ್ಟರು. ಮುಖ ಸಣ್ಣದಾಯಿತು. ಆದರೂ ಬಾಯಿ ಸೋಲಲಿಲ್ಲ. "ನೀನೇ ತಾನೆ ಅಂದಿದ್ದು, ಇದು ಬೆಲೆ ಬಾಳೋದು ಅಂತ? ನಾನೇನ್ ಸುಳ್ಳೇಳ್ದೆ?"

"ಆ ದೊಡ್ಡದನ್ನ ಕೊಡಿ. ನಾನು ತಗೊಂಡ್ ಹೋಗ್ತೀನಿ" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಗಡಿಯವನು ಡ್ರಾಯರಿನಿಂದ ಒಂದು ಸ್ವೀಟ್ ಡಬ್ಬಿ ತೆಗೆದು ಮುಚ್ಚಳ ತೆರೆದ. ಹತ್ತಿಯ ಮೇಲೆ ಸಾಲಾಗಿ ಪುಟ್ಟ ಪಿರಮಿಡ್ಡುಗಳು. ಟೈಲ್ಸ್ ಕತ್ತರಿಸುವ ಮಿಷನ್ನಿನಲ್ಲಿ ಕೊಯ್ದು, ಉಜ್ಜಿ, ಎಣ್ಣೆ ಸವರಿದ್ದರು. ಒಂದನ್ನು ಎತ್ತಿ ನೋಡಿದೆ. ಹೊಗೆಬಣ್ಣದ ನಡುವೆ ಆ ಒಳಹರಳಿನ ನೆರಳು ಅರ್ಧಕ್ಕೆ ಕಡಿದುಹೋಗಿತ್ತು. ನೆಲದೊಳಗೆ ಯಾರ ಕಣ್ಣಿಗೂ ಬೀಳದೆ ಬೆಳೆದು ನಿಂತದ್ದಕ್ಕೆ ಇವರು ಎಣ್ಣೆ ಹಚ್ಚಿ ಸ್ವೀಟ್ ಡಬ್ಬಿಯಲ್ಲಿ ಮಲಗಿಸಿದ್ದರು. ಬೆರಳಿಗೆ ಅಂಟಿದ ಜಿಡ್ಡನ್ನು ಏನು ಮಾಡುವುದೆಂದು ತಿಳಿಯದೆ ನಿಂತೆ.

"ಒಂದ್ ತಗೊಳಿ ಮೇಡಂ, ನಿಮ್ಗೆ ಫ್ರೀ. ಟೀವಿ ಮೇಲೆ ಇಟ್ರೆ ಮನೆಗೆ ಒಳ್ಳೇದು."

ಪಿರಮಿಡ್ಡನ್ನು ಡಬ್ಬಿಗೆ ಹಾಕಿದೆ. ಇನ್ನೊಂದು ಸಲ ನನ್ನನ್ನು ಎತ್ತಿ ಮಾತಾಡಿದರೆ, ಆ ತಾಯಿಯ ಮನೆಯವರನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದು, ಕಾರಿನವರಿಗೂ ಕೇಳಿಸುವಂತೆ ಹೇಳಿ ಇಳಿದೆ. ಭಾವ ಬಸ್ ಸ್ಟ್ಯಾಂಡಿನ ತನಕ ಹಿಂದೆ ಬಂದರು. ನಾನು ತಿರುಗಿ ನೋಡಲಿಲ್ಲ.

ದಾರಿಯಲ್ಲಿ ತೆರಕಣಾಂಬಿಯಲ್ಲಿಳಿದು ಅಕ್ಕನಿಗೆ ಎಲ್ಲ ಹೇಳಿದೆ. ಅಕ್ಕ ಎದ್ದು, ಕೋಲಿನಿಂದ ಟಬ್ಬನ್ನು ನೂಕಿಕೊಂಡು ಹಿತ್ತಿಲ ಮೂಲೆಗೆ ಒಯ್ದು, ಸುಣ್ಣ ಸುರಿದು, ಅದರ ಮೇಲೆ ಮಣ್ಣೆಳೆದಳು. ಭಾವ ಬಂದ ಮೇಲೆ ಬಾಗಿಲಲ್ಲೇ ಅವರನ್ನು ನಿಲ್ಲಿಸಿ, "ಆ ಅಂಗ್ಡಿಗೆ ಇನ್ನೊಂದ್ಸಲ ಓದ್ರೆ ಅಲ್ಲೇ ಇದ್ಬುಡು, ಇಲ್ಲಿಗ್ ಬರ್ಬ್ಯಾಡ" ಎಂದಳಂತೆ. ಅವರು ಮತ್ತೆ ಹೋಗಲಿಲ್ಲ. ದಿಣ್ಣೆಯ ಗುಂಡಿಯನ್ನು ಮುಚ್ಚಿಸಿ ಅರಿಸಿನ ಹಾಕಿದರು. ನನ್ನ ಗೆಳತಿಯ ತಾಯಿ ನಿಧಾನವಾಗಿ ಚೇತರಿಸಿಕೊಂಡರು. ಗಂಟಲು ಮಾತ್ರ ಬಹಳ ದಿನ ಖಾರ ತಡೆಯಲಿಲ್ಲವಂತೆ. ಅಂಗಡಿಯವನು ಅಲ್ಲೇ ಇದ್ದ. ಕಾರುಗಳೂ ನಿಲ್ಲುತ್ತಲೇ ಇದ್ದವು.

ಎಷ್ಟೋ ಸಮಯದ ಮೇಲೆ ಅಕ್ಕನ ಮಗಳು ದೊಡ್ಡವಳಾಗಿ ಆರತಿ ಮಾಡಿದಾಗ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಭಾವ ನೆಂಟರೊಬ್ಬರಿಗೆ ನನ್ನನ್ನು ತೋರಿಸಿ ಹೇಳುತ್ತಿದ್ದರು: "ನಮ್ ನಾದಿನಿ ಕಲ್ ನೋಡುದ್ ತಕ್ಷಣ ಬೆಲೆ ಏಳ್ಬುಡ್ತಾರೆ. ನಮ್ ಒಲ್ದಾಗೆ ಎಂಥಾ ಹರಳು ಸಿಕ್ಕಿತ್ತು ಅಂತೀರಿ!" ಅವರ ದನಿಯಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ, ಪ್ರೀತಿಯೇ ಇತ್ತು. ಅದೇ ನನಗೆ ಹೆಚ್ಚು ಹೇಸಿಗೆ ತರಿಸಿತು. ಅಕ್ಕ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಾ ನನ್ನ ಮುಖ ನೋಡಿದಳು. ಅವಳಿಗಾಗಿ ಎಲೆಯಲ್ಲಿದ್ದುದನ್ನೆಲ್ಲ ತಿಂದು, ಕೈ ತೊಳೆದು, ಸಂಜೆಯ ಬಸ್ಸಿಗೆ ಹೊರಟೆ.