ಸಾಹೇಬರು ಕೇಳಿಸಿಕೊಂಡ ಫ್ಯಾನು

ಕಂಪ್ಯೂಟರಿನ ಫ್ಯಾನು ಯಾಕೆ ಕೆಡುತ್ತದೆ ಎಂದು ಫೋನಿನಲ್ಲಿ ಹೇಳುವುದೇ ನನ್ನ ಹೊಟ್ಟೆಪಾಡು. ಆಫೀಸು ವಿಕ್ರೋಳಿಯಲ್ಲಿದೆ, ಶಾಖೆಗಳು ಮುಂಬಯಿ ತುಂಬ. ಎಲ್ಲೋ ಒಂದು ಯಂತ್ರ ಕಾದು ತಾನಾಗಿ ನಿಂತುಹೋದರೆ ಅಲ್ಲಿಯವರು ನನಗೆ ಫೋನ್ ಹಚ್ಚುತ್ತಾರೆ. ಡಬ್ಬಿಯನ್ನು ಗೋಡೆಗೆ ಒತ್ತಿ ಇಟ್ಟಿದ್ದೀರಾ? ಗಾಳಿ ಕಿಂಡಿಗೆ ಫೈಲು ಅಡ್ಡ ಬಂದಿದೆಯಾ? ಒಳಗಿನ ಧೂಳು ಯಾವಾಗ ತೆಗೆದಿರಿ? ಧೂಳು ಕೂತರೆ ರೆಕ್ಕೆ ಭಾರವಾಗುತ್ತದೆ, ಕಾವಿಗೆ ಗ್ರೀಸು ಒಣಗುತ್ತದೆ, ಫ್ಯಾನು ಮೊದಲು ಗುರುಗುಟ್ಟಿ ಆಮೇಲೆ ಸುಮ್ಮನಾಗುತ್ತದೆ. ಕರೆಂಟು ತೆಗೆದು, ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡಿದು, ಮೆತ್ತನೆಯ ಬ್ರಶ್ಶಿನಿಂದ ಗುಡಿಸಿ. ಇದಿಷ್ಟೂ ನನಗೆ ಬಾಯಿಪಾಠ.

ನನಗೆ ಲೋಕಲ್ ರೈಲು ಸಾಕಾಗಿತ್ತು. ದಹಿಸರಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿಳಿದು ಇನ್ನೊಂದು ಲೈನು, ಮತ್ತೆ ವಿಕ್ರೋಳಿವರೆಗೆ ಯಾರದೋ ಮೊಣಕೈ ಪಕ್ಕೆಲುಬಿಗೆ. ಬೇಡಿ ಬೇಡಿ ಕೇಳಿದ ಮೇಲೆ ಸಾಹೇಬರು ಒಂದು ತಿಂಗಳು ಮನೆಯಿಂದ ಕೆಲಸ ಮಾಡಿ ತೋರಿಸು ಎಂದರು. ಯಂತ್ರ ಒಮ್ಮೆಯೂ ಕೈಕೊಡಬಾರದು. ಕೊಟ್ಟರೆ ಮತ್ತೆ ಅದೇ ಲೋಕಲ್.

ನಮ್ಮದು ಒಂದು ರೂಮು, ಒಂದು ಅಡುಗೆಮನೆ. ರೂಮಿನಲ್ಲಿ ನಮ್ಮವರು ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾರೆ. ಹೀಗಾಗಿ ಕಂಪ್ಯೂಟರು ಅಡುಗೆ ಕಟ್ಟೆಯ ಒಂದು ತುದಿಗೆ ಬಂತು. ಇನ್ನೊಂದು ತುದಿಯಲ್ಲಿ ವಿಜಯಪುರದ ನನ್ನ ಅತ್ತೆ ಜೋಳದ ರೊಟ್ಟಿ ಬಡಿಯುತ್ತಾರೆ. ನಮ್ಮ ಬಿಲ್ಡಿಂಗಿನ ಕನ್ನಡದ ಮನೆಗಳಿಗೆಲ್ಲ ಅವರ ರೊಟ್ಟಿಯೇ ಆಗಬೇಕು. ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸುವವರನ್ನು ಅತ್ತೆ ಹೆಂಗಸರ ಸಾಲಿಗೇ ಸೇರಿಸುವುದಿಲ್ಲ. ಆ ಬಡಿತಕ್ಕೆ ನಮ್ಮವರಿಗೆ ಎಚ್ಚರವಾಗುವುದಿಲ್ಲ, ಅದು ನಿಂತರೆ ಎಚ್ಚರವಾಗುತ್ತದೆ.

ಮೊದಲ ವಾರವೇ ಸಾಹೇಬರು ಫೋನಿನಲ್ಲಿ ಕೇಳಿದರು: "ಮ್ಯಾಡಮ್, ಯೇ ಟಪ್ ಟಪ್ ಕ್ಯಾ ಹೈ?"

ಒಲೆಯ ಪಕ್ಕ ಕೂತು ಆಫೀಸು ನಡೆಸುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಯಿತು. "ಫ್ಯಾನ್ ಹೈ ಸರ್" ಎಂದುಬಿಟ್ಟೆ.

ನಮ್ಮ ಸಾಹೇಬರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಯಾವ ಯಂತ್ರದ ಫ್ಯಾನು ಟಪ್ ಟಪ್ ಎನ್ನುತ್ತದೋ ತಕ್ಷಣ ತಿಳಿಸಿ ಎಂದು ಎಲ್ಲ ಶಾಖೆಗಳಿಗೂ ಹೇಳಿ ಕಳಿಸಿದರು. ಕುರ್ಲಾ ಶಾಖೆಯವನು ಫೋನ್ ಮಾಡಿ ತನ್ನದೂ ಹಾಗೇ ಎನ್ನುತ್ತದೆ ಎಂದ. ಅಲ್ಲಿ ಯಾರು ಏನು ಬಡಿಯುತ್ತಿದ್ದರೋ ದೇವರೇ ಬಲ್ಲ. ನಾನು ಮುಖ ಗಂಭೀರ ಮಾಡಿಕೊಂಡು, ನನ್ನ ಅತ್ತೆಯ ರೊಟ್ಟಿಗೆ ಏನು ಚಿಕಿತ್ಸೆ ಎಂದು ಅವನಿಗೆ ಸವಿಸ್ತಾರವಾಗಿ ವಿವರಿಸಿದೆ.

ಯಂತ್ರ ಕಾಯುತ್ತದೆ ಎಂದು ಬಾಯಿತಪ್ಪಿ ಮನೆಯಲ್ಲಿ ಹೇಳಿದ್ದು ಇನ್ನೊಂದು ಫಜೀತಿಯಾಯಿತು. ನಾನು ಬಚ್ಚಲಿಗೆ ಹೋಗಿ ಬರುವುದರೊಳಗೆ ಅತ್ತೆ ಅದರ ಮೇಲೆ ಹಸಿ ಬಟ್ಟೆ ಹೊದಿಸಿದ್ದರು.

"ಅತ್ತೀ, ನೀರು ಸೋಕಿದ್ರ ಸತ್ತಹೋಗ್ತೈತ್ರಿ!"

"ಮೈ ಸುಡಾಕತ್ತೈತಿ ಯವ್ವಾ. ಕೂಸಿಗೆ ಜ್ವರ ಬಂದ್ರ ಹಂಗ ಬಿಡತಾರೇನು?"

ಹಸಿ ಬಟ್ಟೆ ತೆಗೆದರೆ ಒಣ ಬಟ್ಟೆ ಬಂತು. ಹಿಟ್ಟು ಬೀಳಬಾರದೆಂದು ಹಳೆಯ ಇಳಕಲ್ ಸೀರೆಯ ತುಂಡನ್ನು ಕಿಂಡಿ ಮುಚ್ಚುವ ಹಾಗೆ ಹೊದಿಸಿ, ಮೇಲೊಂದು ಉಪ್ಪಿನಕಾಯಿ ಭರಣಿ ಇಟ್ಟರು. ಅದನ್ನೂ ತೆಗೆದೆ. ಮರುದಿನ ಕುಸುಬಿ ಎಣ್ಣೆಯ ಚಮಚ ಹಿಡಿದು ಬಂದರು.

"ಹೊಲಿಗಿ ಮಷಿನ್ನಿಗೆ ಎಣ್ಣಿ ಹಾಕತಾರಿಲ್ಲೋ? ಇದೂ ಗುರ್ ಅನ್ನಾಕತ್ತೈತಿ."

"ಒಗ್ಗರಣಿ ಎಣ್ಣಿ ಒಣಗಿ ಅಂಟಾಗ್ತೈತ್ರಿ. ಗುರ್ ಅನ್ನಲಿ, ಬಿಡ್ರಿ."

ಇಡೀ ಕಂಪನಿ ಟಪ್ ಟಪ್ ಶಬ್ದದ ಹಿಂದೆ ಬಿದ್ದಿರುವಾಗ ಗುರ್ ಶಬ್ದವನ್ನು ಯಾರು ಕೇಳುತ್ತಾರೆ? ಅದೇ ಫ್ಯಾನು ಕೆಡುವ ಮೊದಲ ಲಕ್ಷಣ ಎಂದು ಊರಿಗೆಲ್ಲ ಹೇಳುವ ನಾನೂ ಕೇಳಲಿಲ್ಲ.

ತಿಂಗಳ ಕೊನೆಯ ದಿನ ದೊಡ್ಡ ಸಾಹೇಬರೂ ಸೇರಿದ ವಿಡಿಯೋ ಮೀಟಿಂಗು ಇತ್ತು. ನನ್ನ ಮಾತು ಶುರುವಾಯಿತು. ಏನೋ ಕಡಿಮೆಯಾದಂತೆ ಅನ್ನಿಸಿತು. ಬಡಿತವೇ ಇಲ್ಲ. ಓರೆಗಣ್ಣಲ್ಲಿ ನೋಡಿದರೆ ಅತ್ತೆ, ತುಟಿ ಬಿಗಿಹಿಡಿದು, ಪಕ್ಕದ ಮನೆಯಿಂದ ತಂದ ಲಟ್ಟಣಿಗೆಯಲ್ಲಿ ರೊಟ್ಟಿ ಲಟ್ಟಿಸುತ್ತಿದ್ದರು. ತಮ್ಮ ಬಡಿತದಿಂದ ಸೊಸೆಯ ಕೆಲಸಕ್ಕೆ ಕುತ್ತು ಬಂದಿದೆ ಎಂದು ಅವರಿಗೆ ಹೇಗೋ ತಿಳಿದಿತ್ತು.

"ವಾಹ್, ಮ್ಯಾಡಮ್ ಕಾ ಫ್ಯಾನ್ ಠೀಕ್ ಹೋ ಗಯಾ!" ಎಂದು ಸಾಹೇಬರು ಎಲ್ಲರ ಮುಂದೆ ಹೊಗಳಿದರು. ಅಷ್ಟರಲ್ಲಿ ಸದ್ದು ನಿಂತದ್ದಕ್ಕೆ ಎಚ್ಚರಗೊಂಡ ನಮ್ಮವರು ಬನಿಯನ್ನಿನಲ್ಲೇ ಓಡಿಬಂದು, "ಅವ್ವಾಗ ಏನಾತು?" ಎಂದು ಕ್ಯಾಮೆರಾದೊಳಗೇ ನುಗ್ಗಿದರು. ನಾನು ಉತ್ತರ ಕೊಡುವ ಮೊದಲೇ ಪರದೆ ಕಪ್ಪಾಯಿತು.

ಡಬ್ಬಿ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳಿಗೆ ಹಿಟ್ಟು ಮತ್ತು ಒಗ್ಗರಣೆಯ ಹಬೆ ಸೇರಿ ಗಟ್ಟಿ ಲೇಪ ಮೆತ್ತಿಕೊಂಡಿತ್ತು. ಬೆರಳಿಂದ ತಿರುಗಿಸಿದರೂ ತಿರುಗಲಿಲ್ಲ. ಅತ್ತೆ ಉಗುರಲ್ಲಿ ಕೆರೆದು ಮೂಸಿ, "ಇದು ನಮ್ಮ ಬಿಳಿಜೋಳದ ಹಿಟ್ಟು" ಎಂದು ಗುರುತು ಹಿಡಿದರು. ದನಿಯಲ್ಲಿ ಸಣ್ಣದೊಂದು ಜಂಬವೂ ಇತ್ತು.

ಮೊಬೈಲಿನಿಂದ ಸಾಹೇಬರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಕುರ್ಲಾ ಶಾಖೆಗೆ ಆಗಲೇ ಹೊಸ ಫ್ಯಾನು ಕಳಿಸಿಯಾಗಿತ್ತಂತೆ. ಕೊನೆಗೆ, ಸೋಮವಾರದಿಂದ ಆಫೀಸಿಗೆ ಬಾ ಎಂದು ಫೋನ್ ಇಟ್ಟರು.

"ಏನಂದ್ರು?" ಅತ್ತೆ ಕೇಳಿದರು.

"ಕೆಲಸ ಐತ್ರಿ. ದಿನಾ ಹೋಗಬೇಕಷ್ಟ."

ನನಗೆ ಅಳು ಬಂದಿತ್ತು. ಅತ್ತೆ ನನ್ನನ್ನು ನೋಡಿದರು, ಲಟ್ಟಿಸಿದ ರೊಟ್ಟಿಗಳನ್ನು ನೋಡಿದರು, ಅವನ್ನು ಯಾರ ಕಣ್ಣಿಗೂ ಬೀಳದಂತೆ ಸೆರಗಿನಡಿ ಮುಚ್ಚಿದರು.

"ಸೋಮವಾರ ಡಬ್ಬಿಗೆ ಬಡದ ರೊಟ್ಟಿ ಹಾಕತೇನಿ. ನಿಮ್ಮ ಸಾಹೇಬಗೂ ಎರಡು ಕಟ್ಟತೇನಿ" ಎಂದರು. "ತಿಂಗಳಪೂರ್ತಿ ಸಪ್ಪಳ ಅಷ್ಟ ಕೇಳ್ಯಾನ, ಪಾಪ."