ಎಡಗಡೆಯ ತಗ್ಗು

ತಿವೊಲಿ ಗುಡ್ಡದ ಇಳಿಜಾರಿನಲ್ಲಿ ತಗಡು ರಿಪೇರಿ ಮಾಡುವ ಎರಾಸ್ಮೋನ ಅಂಗೈಗೆ ಸಾಂತಿಯಾಗೋ ಊರಿನ ಅರ್ಧಕ್ಕರ್ಧ ಮೋಟಾರ್ ಸೈಕಲ್‌ಗಳ ಮೈ ಗೊತ್ತು. ಎಂಥ ಜಜ್ಜಿದ ಪೆಟ್ರೋಲ್ ಟ್ಯಾಂಕ್ ಕೊಟ್ಟರೂ ಎರಡು ಮೂರು ದಿನದಲ್ಲಿ ನೆಟ್ಟಗೆ ಮಾಡಿ ಕೊಡುತ್ತಿದ್ದ. ಅಂಥವನು ವಿಧವೆ ನೋರ್ಕಾಳ ಹಳೇ ಜಾವಾ ಬೈಕಿನ ಟ್ಯಾಂಕನ್ನು ಒಂಬತ್ತು ದಿನ ಇಟ್ಟುಕೊಂಡರೆ ಕೇರಿಯವರು ಬಾಯಿಮುಚ್ಚಿಕೊಂಡು ಇರುತ್ತಾರೆಯೇ?

ಎದುರುಮನೆ ಜಗಲಿಯಲ್ಲಿ ಡಾಮಿನೋ ಆಡುವ ಚೇಓ ದಿನಾ ಕೂಗುತ್ತಿದ್ದ. "ಏನೋ ಎರಾಸ್ಮೋ, ನೀನು ರಿಪೇರಿ ಮಾಡ್ತಿರೋದು ಟ್ಯಾಂಕನ್ನೋ, ನಿನ್ ಎದೇನೋ?"

"ನಿನ್ನಾಟ ನೋಡ್ಕೊಳೋ, ಸೋಲ್ತಾ ಇದೀಯ."

ನೋರ್ಕಾಳ ಗಂಡ ಲಿಬರಾದೋ ಹೋದ ವರ್ಷ ತೀರಿಕೊಂಡಿದ್ದ. ಗೋಡೆಗೆ ಒರಗಿಸಿಟ್ಟಿದ್ದ ಅವನ ಬೈಕು ಬಿರುಗಾಳಿಗೆ ಕಲ್ಲಿನ ಮೇಲೆ ಬಿದ್ದು, ಟ್ಯಾಂಕಿನ ಬಲಗಡೆ ಗೇಣಗಲ ಒಳಗೆ ಹೋಗಿತ್ತು. ಅವಳು ಟ್ಯಾಂಕನ್ನಷ್ಟೇ ಬಿಚ್ಚಿಸಿ, ದುಪ್ಪಟಿಯಲ್ಲಿ ಸುತ್ತಿ ತಂದಿದ್ದಳು.

"ಬಲಗಡೇದು ಮಾತ್ರ ತೆಗೀರಿ, ಮೇಸ್ತ್ರಿ. ಅಷ್ಟು ಸಾಕು. ನಾಳೆ ನಾಲ್ಕು ಗಂಟೆಗೆ ಬಂದು ನೋಡ್ತೀನಿ."

ಮರುದಿನ ಬರುವಾಗ ಬಾಟಲಿಯಲ್ಲಿ ಕಾಫಿ ತಂದಳು. ಆಗಿನ್ನೂ ಎರಾಸ್ಮೋ ಪೆಟ್ರೋಲ್ ಬಸಿದು, ಬಿಸಿ ಮಾಡುವಾಗ ಬೆಂಕಿ ಹತ್ತದಿರಲಿ ಎಂದು ನೀರು ತುಂಬಿಸಿಟ್ಟಿದ್ದ, ಅಷ್ಟೆ. ತೋರಿಸಲು ಏನೂ ಇರಲಿಲ್ಲ. ಆದರೂ ಅವಳು ಕೂತಳು. ಬ್ರೆಡ್ಡಿಗಾಗಿ ಅಂಗಡಿ ಮುಂದೆ ನಿಲ್ಲುವ ಸಾಲು, ಮಂಡಿನೋವು, ಮೇಲ್ಮನೆಯವರ ಜಗಳ, ಎಲ್ಲ ಮಾತಾಡಿದಳು. ಅವಳು ಎದ್ದುಹೋದ ಮೇಲೆ ತಾನು ಎರಡು ಸಲ ನಕ್ಕಿದ್ದು ಎರಾಸ್ಮೋಗೆ ನೆನಪಾಯಿತು. ಹೆಂಡತಿ ಸತ್ತು ಆರು ವರ್ಷವಾಗಿತ್ತು. ಅವನ ಅಂಗಡಿಗೆ ಜನ ಬರುತ್ತಿದ್ದರು, ತಗಡಿನ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಊಟ ಆಯಿತಾ ಎಂದು ಕೇಳಿದವಳು ಇವಳೊಬ್ಬಳೇ. ಅವನಿಗೆ ಬೇಕಾಗಿದ್ದದ್ದು ದಿನಾ ಅವಳು ಬರುವ ಆ ನಾಲ್ಕು ಗಂಟೆಯ ಹೊತ್ತು.

ಡೊಂಕು ಸಲಾಕೆಯನ್ನು ಟ್ಯಾಂಕಿನ ಬಾಯಿಯೊಳಗೆ ತೂರಿಸಿ ಒಳಗಿನಿಂದ ಒತ್ತಿ ಒತ್ತಿ ಮೂರನೇ ದಿನಕ್ಕೇ ಬಲಗಡೆ ಮುಗಿಸಿದ. ಆದರೆ ಅವಳು ಬರುವ ಹೊತ್ತಿಗೆ ಅರ ಹಿಡಿದು ತಗಡು ಉಜ್ಜುತ್ತ ಕೂತಿರುತ್ತಿದ್ದ. "ಇನ್ನೂ ಸ್ವಲ್ಪ ಇದೆಯಮ್ಮ, ನಾಳೆ ಬನ್ನಿ." ಆರನೇ ದಿನಕ್ಕೆ ಉಜ್ಜಲು ಏನೂ ಉಳಿಯಲಿಲ್ಲ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ತಗಡು ಬೇಕಲ್ಲ.

ಕಣ್ಣುಮುಚ್ಚಿ ಟ್ಯಾಂಕಿನ ಮೇಲೆ ಅಂಗೈ ಆಡಿಸಿದ. ಎಡಗಡೆ ಹೆಬ್ಬೆರಳು ಕೂರುವಷ್ಟು ಹಳೆಯ ತಗ್ಗೊಂದು ಸಿಕ್ಕಿತು. ಪಾಪ, ದುಡ್ಡಿನ ಸಂಕೋಚಕ್ಕೆ ಬಲಗಡೆಯದು ಮಾತ್ರ ಅಂದಿದ್ದಾಳೆ ಎಂದುಕೊಂಡ. ಪುಕ್ಕಟೆ ಮಾಡಿಕೊಟ್ಟರೆ ಸಂತೋಷಪಡುತ್ತಾಳೆ, ಇನ್ನೂ ಮೂರು ದಿನ ಬರುತ್ತಾಳೆ. ತಗ್ಗಿಗೆ ಸರಳು ಬೆಸೆದು, ಕಾಯಿಸಿ, ಎಳೆದು, ಉಳಿದ ಸಣ್ಣ ಕುಳಿಗೆ ಸೀಸ ತುಂಬಿ ಅರ ಹಾಕಿದ. ಮುಗಿದ ಮೇಲೇ ತೋರಿಸೋಣ ಎಂದು, ಅವಳು ಬರುವ ಹೊತ್ತಿಗೆ ಆ ಮಗ್ಗುಲಿಗೆ ಬಟ್ಟೆ ಮುಚ್ಚಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಅಷ್ಟು ನಾಜೂಕಾಗಿ ಅವನು ಇನ್ನೊಂದು ಕೆಲಸ ಮಾಡಿರಲಿಲ್ಲ.

ಒಂಬತ್ತನೇ ದಿನ ಟ್ಯಾಂಕ್ ಮುಂದಿಟ್ಟಾಗ ಅವಳು ಬಲಗಡೆ ನೋಡಲೇ ಇಲ್ಲ. ಕೈ ಸೀದಾ ಎಡಕ್ಕೆ ಹೋಯಿತು. ಅಲ್ಲೇ ಹಿಂದೆ ಮುಂದೆ ತಡಕಾಡಿತು.

"ಇಲ್ಲೊಂದಿತ್ತು."

"ತೆಗ್ದೆ. ಅದಕ್ಕೇನೂ ಕೊಡೋದು ಬೇಡ."

ಅವಳು ಅವತ್ತು ಕೂರಲಿಲ್ಲ. "ಒಂದು ಕಾರ್ನಿವಲ್‌ನಲ್ಲಿ ನಾನು ಬೇರೆಯೋರ ಜೊತೆ ಕುಣಿದೆ ಅಂತ ಲಿಬರಾದೋ ಸಿಟ್ಟಲ್ಲಿ ಇಲ್ಲಿ ಗುದ್ದಿದ್ದ. ಕೈ ಊದ್ಕೊಂಡು ಹದಿನೈದು ದಿನ ನಾನೇ ಅನ್ನ ತಿನ್ನಿಸ್ದೆ, ಬೈಕೊಂಡು ಬೈಕೊಂಡು. ಅವನ ಫೋಟೋ ನೋಡಿದ್ರೆ ಏನೂ ಅನ್ಸಲ್ಲ, ಮೇಸ್ತ್ರಿ. ಇಲ್ಲಿ ಬೆರಳಿಟ್ರೆ ಅನ್ಸೋದು."

"ಮೊದ್ಲೇ ಹೇಳ್ಬೇಕಿತ್ತಲ್ಲಮ್ಮ."

"ಹೇಳಿದ್ನಲ್ಲ. ಬಲಗಡೇದು ಮಾತ್ರ ಅಂತ."

ಎರಾಸ್ಮೋ ಸುತ್ತಿಗೆ ಎತ್ತಿಕೊಂಡ. "ಇದ್ದ ಹಾಗೇ ಮಾಡ್ಕೊಡ್ಲಾ?"

"ನೀವು ಹೊಡೆದ್ರೆ ಅದು ನಿಮ್ಮ ಏಟಾಗತ್ತೆ."

ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಟ್ಯಾಂಕನ್ನು ಮತ್ತೆ ದುಪ್ಪಟಿಯಲ್ಲಿ ಸುತ್ತಿದಳು.

"ಕೆಲಸ ಚೆನ್ನಾಗಿದೆ. ಇನ್ನು ಇದು ಯಾರ ಬೈಕಾದ್ರೂ ಆಗ್ಬೋದು. ಮಾರ್ಬಿಡ್ತೀನಿ." ಹೊಸ್ತಿಲಲ್ಲಿ ನಿಂತು ಕೇಳಿದಳು, "ಇನ್ನೇನೂ ಬಾಕಿ ಇಲ್ವಲ್ಲ?"

ನಾಳೆ ಬನ್ನಿ ಎನ್ನುವ ಮಾತು ಅವನ ನಾಲಿಗೆಯ ಮೇಲೇ ಇತ್ತು.

"ಇಲ್ಲಮ್ಮ," ಎಂದ ಎರಾಸ್ಮೋ. "ಎಲ್ಲಾ ಮುಗೀತು."

ಅವಳು ಟ್ಯಾಂಕನ್ನು ಸೊಂಟಕ್ಕೇರಿಸಿಕೊಂಡು ಇಳಿಜಾರಿನಲ್ಲಿ ಇಳಿದುಹೋದಳು.