ಸಾವಿನ ಮನೆಗೆ ಒಯ್ದ ಸಕ್ಕರೆ

ಭಾನುವಾರ ಚರ್ಚಿನಲ್ಲಿ ಬೆಳಗಿನ ಆರಾಧನೆ ಮುಗಿಸಿಕೊಂಡು ನಾನು ಮತ್ತು ನನ್ನ ಅಕ್ಕನ ಮಗಳು ಸುಗುಣಾ ಬೆಳಗಾವಿಯ ಬಸ್ ನಿಲ್ದಾಣಕ್ಕೆ ಬಂದೆವು. ಖಾನಾಪುರದ ಆಚೆ, ಲೋಂಡಾಕ್ಕೆ ಹೋಗುವ ದಾರಿಯ ಕಾಡಿನಲ್ಲಿರುವ ಒಂದು ಗೌಳಿವಾಡಕ್ಕೆ ನಾವು ಹೋಗಬೇಕಿತ್ತು. ಎಮ್ಮೆ ಸಾಕಿ ಹಾಲು ಮಾರಿ ಬದುಕುವ ಕೆಲವೇ ಮನೆಗಳ ಊರು ಅದು. ಅದರ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿಯ ಜನರ ಹೆಸರುಗಳನ್ನೂ ಬದಲಿಸಿದ್ದೇನೆ.

ಸುಗುಣಾ ನಗರದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ಆ ವಾಡದ ಲಕ್ಷ್ಮಿ ಎಂಬ ಹೆಣ್ಣುಮಗಳನ್ನು ಜ್ವರ ನೆತ್ತಿಗೇರಿ, ಮೂತ್ರಪಿಂಡ ಕೆಟ್ಟ ಮೇಲೆ ಅಲ್ಲಿಗೆ ತಂದಿದ್ದರು. ಒಂದು ಸಂಜೆ ಲಕ್ಷ್ಮಿಯ ಅತ್ತೆ ಜನಾಬಾಯಿ ಹಾಸಿಗೆಯ ಬಳಿ ನಿಂತಿದ್ದಾಗ ಸುಗುಣಾ ಸೂಜಿ ಚುಚ್ಚುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚಿದಳು. ತರಬೇತಿಯ ದಿನಗಳಿಂದಲೂ ಅವಳಿಗಿದ್ದ ರೂಢಿ ಅದು. ಮುದುಕಿ ಅದನ್ನು ನೋಡಿ ಕೇಳಿದಳು, "ಏನ ಅಂದಿ ಯವ್ವಾ?" ಪ್ರಾರ್ಥನೆ ಎಂದು ಸುಗುಣಾ ಹೇಳಿದಳು. "ಹಂಗಾರ ಇಕಿ ಹೆಸರ್ಲೆ ನಿನ್ನ ದೇವರಿಗೂ ಒಂದ ಮಾತ ಹೇಳು." ಲಕ್ಷ್ಮಿಯ ತಲೆದಿಂಬಿನ ಕೆಳಗೆ ಆಗಲೇ ಖಂಡೋಬಾನ ಗುಡಿಯ ಅರಿಶಿನ ಭಂಡಾರದ ಪೊಟ್ಟಣವಿತ್ತು, ತೋಳಿನಲ್ಲಿ ದರ್ಗಾದ ದಾರವಿತ್ತು. ಸುಗುಣಾ ಲಕ್ಷ್ಮಿಯ ಹಣೆಯ ಮೇಲೆ ಕೈಯಿಟ್ಟು ನಾಲ್ಕು ಮಾತು ಪ್ರಾರ್ಥಿಸಿದಳು. ಬೇರೊಬ್ಬ ರೋಗಿಯ ಕಡೆಯವರು ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಆ ವಿಡಿಯೊದಲ್ಲಿ ನರ್ಸಿನ ಕೈ ಇದೆ, ರೋಗಿಯ ಹಣೆ ಇದೆ. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಜನಾಬಾಯಿ ಇಲ್ಲ.

ಮರುದಿನ ಲಕ್ಷ್ಮಿ ತೀರಿಕೊಂಡಳು. ಸಂಜೆಯೊಳಗೆ ಆ ವಿಡಿಯೊ "ಐಸಿಯುನಲ್ಲಿ ಮತಾಂತರ" ಎಂಬ ತಲೆಬರಹ ಹೊತ್ತು ಊರೆಲ್ಲ ತಿರುಗಿತು. ಯಾರೂ ಕೇಳದೆ ನರ್ಸ್ ಪ್ರಾರ್ಥನೆ ಮಾಡಿದಳೆಂದು ಲಕ್ಷ್ಮಿಯ ಗಂಡ ಧೋಂಡುವಿನ ಸಹಿಯಿದ್ದ ದೂರು ಆಸ್ಪತ್ರೆಗೆ ಬಂತು. ಸುಗುಣಾಳನ್ನು ಮನೆಯಲ್ಲಿರಲು ಹೇಳಿದರು. ಸೋಮವಾರ ವಿಚಾರಣೆ. ಮನೆಯವರೇ ಕೇಳಿಕೊಂಡಿದ್ದರು ಎಂದು ಆ ಮನೆಯ ಒಬ್ಬರಾದರೂ ಬಂದು ಹೇಳಿದರೆ ಅಲ್ಲಿಗೆ ಮುಗಿಯುತ್ತದೆ, ಇಲ್ಲದಿದ್ದರೆ ಕೆಲಸ ಹೋಗುತ್ತದೆ ಎಂದು ಆಸ್ಪತ್ರೆಯವರು ತಿಳಿಸಿದ್ದರು. ನಾವು ಹೊರಟದ್ದು ಅದಕ್ಕಾಗಿ. ಸುಗುಣಾ ಮಾತ್ರ ಹಾಗೆ ಹೇಳುತ್ತಿರಲಿಲ್ಲ. "ನಾ ಮಾತಾಡಿಸಾಕ ಹೊಂಟೇನಿ" ಎನ್ನುತ್ತಿದ್ದಳು. ನಮ್ಮ ಕಡೆ ಸಾವಾದ ಮನೆಗೆ ಹೋಗಿ ಕೂತು ಎದ್ದು ಬರುವುದಕ್ಕೆ ಹಾಗೆನ್ನುತ್ತೇವೆ.

ಆರಾಧನೆಯಲ್ಲಿ ಪಾಸ್ಟರ್ "ಕಷ್ಟದಲ್ಲಿರುವ ನಮ್ಮ ಸಹೋದರಿ" ಎಂದು ಪ್ರಾರ್ಥಿಸಿದರು. ಹೆಸರು ಹೇಳಲಿಲ್ಲ. ಹೊರಗೆ ನನ್ನನ್ನು ಬಾಜೂಕ್ಕೆ ಕರೆದು, "ಟೀಚರ್, ಕೈಯಾಗ ಏನೂ ಒಯ್ಯಬ್ಯಾಡ್ರಿ. ಒಂದ ಬಿಸ್ಕೀಟ ಪುಡಾ ಒಯ್ದರೂ ಆಮಿಷ ಅಂತಾರ" ಎಂದರು. ನಾನು ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಆಮಿಷ ಎಂಬ ಪದವನ್ನು ಗಾಳಕ್ಕೆ ಸಿಕ್ಕಿಸುವ ಹುಳುವಿನ ಉದಾಹರಣೆ ಕೊಟ್ಟು ಹೇಳಿಕೊಡುತ್ತಿದ್ದೆ.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರ್. ಭಾನುವಾರವಾದ್ದರಿಂದ ಉದ್ಯಮಬಾಗದ ಫೌಂಡ್ರಿಗಳ ಗೇಟು ಮುಚ್ಚಿತ್ತು. ಅವುಗಳಲ್ಲೊಂದರಲ್ಲಿ ಧೋಂಡು ಕೆಲಸಕ್ಕಿದ್ದಾನೆ ಎಂದು ಸುಗುಣಾ ಹೇಳಿದಳು. ಹೆಂಡತಿ ಐಸಿಯುನಲ್ಲಿದ್ದಾಗ ಅವನು ಪಾಳಿ ಮುಗಿಸಿ ಮಸಿ ಮೆತ್ತಿದ ಬಟ್ಟೆಯಲ್ಲೇ ಬರುತ್ತಿದ್ದನಂತೆ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದನಂತೆ. ಪಿರನವಾಡಿ, ಮಚ್ಛೆ ದಾಟಿದ ಮೇಲೆ ಹೊಲಗಳು ಕಂಡವು. ಭತ್ತದ ಕೊಯ್ಲು ಶುರುವಾಗಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ.

ಖಾನಾಪುರದಲ್ಲಿಳಿದು ಅವಲಕ್ಕಿ, ಚಹಾ ತರಿಸಿದೆ. ಸುಗುಣಾ ತಟ್ಟೆ ಮುಟ್ಟಲಿಲ್ಲ. ಹೊರಬಂದವಳು ನೇರ ಎದುರಿನ ಕಿರಾಣಿ ಅಂಗಡಿಗೆ ಹೋಗಿ ಒಂದು ಕಿಲೋ ಸಕ್ಕರೆ ಕೇಳಿದಳು. ನಾನು ಅವಳ ತೋಳು ಹಿಡಿದೆ.

"ಪಾಸ್ಟರ್ ಏನಂದ್ರು ಕೇಳಿಸ್ಲಿಲ್ಲೇನು?"

"ಕೇಳಿಸೇತಿ. ಸತ್ತ ಮನಿಗೆ ಬರಿಗೈಲೆ ಹ್ಯಾಂಗ ಹೋಗೂದು ಮೌಶಿ? ನಮ್ಮ ಅಪ್ಪ ಹೋದಾಗ ಬಾಜೂದ ಮನಿಯವರು ಏನೇನ ತಂದ್ರು, ನೆನಪಿಲ್ಲೇನು?"

"ಆಗಿನ ಮಾತ ಬ್ಯಾರೆ."

"ಯಾಕ, ಈಗ ಸಾಯೂದು ಬ್ಯಾರೆ ಆಗೇತೇನು?"

ಅಂಗಡಿಯವನು ಸಕ್ಕರೆ ತೂಗುತ್ತ, "ಯಾರ ಹೋದರ್ರೀ?" ಎಂದು ಕೇಳಿದ. "ನಮ್ಮ ಪೈಕಿ ಒಬ್ಬರು" ಎಂದಳು ಸುಗುಣಾ. ಅವನು ಒಂದು ಹಿಡಿ ಹೆಚ್ಚಿಗೆ ಹಾಕಿದ.

ಅಲ್ಲಿಂದ ಟೆಂಪೋ, ತಲಾ ಮೂವತ್ತು ರೂಪಾಯಿ. ನಾವಿಬ್ಬರಲ್ಲದೆ ಬೇರೆ ಪ್ರಯಾಣಿಕರಿರಲಿಲ್ಲ. ಯಾರ ಮನೆಗೆಂದು ಚಾಲಕ ಕೇಳಿದ. ನಾನು ಹೇಳಿದೆ. "ಓ, ಆ ದವಾಖಾನಿ ಕೇಸ!" ಎಂದು ಅವನು ಗಾಡಿ ನಿಧಾನ ಮಾಡಿ, ಮೊಬೈಲ್ ತೆಗೆದು ಹಿಂದಕ್ಕೆ ಚಾಚಿದ. "ನೋಡೀರೇನ್ರಿ ಇದನ್ನ? ಆ ನರ್ಸ ಕೈಗೆ ಸಿಗಬೇಕ ನೋಡ್ರಿ ಒಮ್ಮೆ." ವಿಡಿಯೊದಲ್ಲಿ ಸುಗುಣಾಳ ಮುಖಕ್ಕೆ ಮಾಸ್ಕ್ ಇತ್ತು. ಅವಳು ಅವನ ಕೈಯಿಂದ ಮೊಬೈಲ್ ತೆಗೆದುಕೊಂಡು ಕೊನೆಯವರೆಗೂ ನೋಡಿ ಹಿಂತಿರುಗಿಸಿದಳು. ಚಾಲಕ ಒಳ್ಳೆಯ ಮನುಷ್ಯ. ಇಳಿಯುವಾಗ ನನ್ನ ಕೈಹಿಡಿದು ಇಳಿಸಿ, "ಸಾವಕಾಶ ಆಯಿ, ಕಲ್ಲ ಅದಾವ" ಎಂದ.

ಕೆಂಪು ಮಣ್ಣಿನ ದಾರಿಯಲ್ಲಿ ಕಾಡಿನೊಳಗೆ ಒಂದು ಮೈಲಿ ನಡೆದೆವು. ವಾಡದ ಮನೆಗಳಿಗೆ ತಗಡಿನ ಮಾಡು, ಬಿದಿರಿನ ತಟ್ಟಿಗೆ ಸಗಣಿ ಬಳಿದ ಗೋಡೆ. ಜನಾಬಾಯಿ ಅಂಗಳದಲ್ಲಿ ಒಬ್ಬಳೇ ಕುಳಿತಿದ್ದಳು. ಸುಗುಣಾ "ಆಯೀ" ಎಂದಳು, ಅಷ್ಟೆ. ಮುದುಕಿ ತಲೆಯೆತ್ತಿದಳು.

"ಆವಾಗ ಮಾರಿ ಮುಚ್ಚಿಕೊಂಡಿದ್ದಿ. ದನಿ ಗುರ್ತ ಹಿಡದೆ ನೋಡು. ಬರ್ರಿ, ಕುಂದರ್ರಿ."

ಇಬ್ಬರೂ ಅಪ್ಪಿಕೊಂಡು ಅತ್ತರು. ಸುಗುಣಾ ಸಕ್ಕರೆಯ ಚೀಲವನ್ನು ಕಂಬದ ಬುಡದಲ್ಲಿಟ್ಟಳು. ಜನಾಬಾಯಿ ಬೇಡವೆನ್ನಲಿಲ್ಲ, ಕೊಟ್ಟದ್ದೇನು ಎಂದೂ ಕೇಳಲಿಲ್ಲ. ಎಲ್ಲ ಮನೆಗಳಲ್ಲೂ ಮಾಡುವಂತೆ ಅದನ್ನೇ ಬಿಚ್ಚಿ ಒಲೆಯ ಮೇಲೆ ಚಹಾಕ್ಕಿಟ್ಟಳು.

ಧೋಂಡು ಕೊಟ್ಟಿಗೆಯಿಂದ ಬಂದ. ಮೂವತ್ತರ ಆಸುಪಾಸಿನವನು. ನಮ್ಮನ್ನು ಕಂಡು ನಿಂತಲ್ಲೇ ನಿಂತ. "ಮಾತಾಡಿಸಾಕ ಬಂದೇನ್ರಿ ಅಣ್ಣಾ" ಎಂದಳು ಸುಗುಣಾ. ಅವನು ತಲೆ ತಗ್ಗಿಸಿ ಕುಳಿತ. ಲಕ್ಷ್ಮಿ ಕೊನೆಗೆ ನೀರು ಕೇಳಿದಳೇ ಎಂದು ಕೇಳಿದ. ಕೇಳಿದಳು, ತುಟಿ ಒದ್ದೆ ಮಾಡಿದೆ ಎಂದಳು ಸುಗುಣಾ. ಸುಗುಣಾ ವಿಚಾರಣೆಯ ಮಾತೆತ್ತುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಾನೇ ಎತ್ತಿದೆ. ನಾಳೆ ಏನಿದೆ, ಏನಾಗುತ್ತದೆ ಎಂದು ಹೇಳಿದೆ.

ಜನಾಬಾಯಿ ಒಲೆಯ ಮುಂದಿನಿಂದಲೇ ತಿರುಗಿದಳು. "ಕೇಳಿದಾಕಿ ನಾನು. ಇಕಿದೇನ ತಪ್ಪು? ನಾಳಿ ನಾ ಬರ್ತೀನಿ. ಯಾರ ಮುಂದ ಬೇಕಾದ್ರೂ ಹೇಳ್ತೀನಿ."

ಆಗಲೇ ಮೋಟಾರ್ ಸೈಕಲ್ಲಿನ ಸದ್ದಾಯಿತು. ಬಂದವನು ಮಾರುತಿ. ಈ ವಾಡದ ಹಾಲನ್ನು ದಿನವೂ ತನ್ನ ಟೆಂಪೋದಲ್ಲಿ ಖಾನಾಪುರಕ್ಕೆ ಒಯ್ಯುವವನು, ಲಕ್ಷ್ಮಿಯ ತವರಿನ ಕಡೆಯ ದೂರದ ನೆಂಟ. ನಮ್ಮನ್ನು ಇಳಿಸಿಹೋದ ಟೆಂಪೋ ಚಾಲಕ ಅವನಿಗೆ ಫೋನ್ ಮಾಡಿದ್ದಿರಬೇಕು. ಅವನು ನಮ್ಮನ್ನು ಬೈಯಲಿಲ್ಲ. ಮೊದಲು ಮೊಬೈಲ್ ತೆಗೆದು ಸಕ್ಕರೆ ಚೀಲದ ಫೋಟೊ ಹಿಡಿದ, ಆಮೇಲೆ ನಮ್ಮಿಬ್ಬರದು.

"ಇದನ್ನ ಯಾರ ತಂದಾರ ಆಯಿ?"

"ಮಂದಿ ತಂದಾರ. ನಿಮ್ಮವ್ವನೂ ತಂದಿದ್ಲು, ಆವಾಗ ಫೋಟೋ ಹಿಡೀಲಿಲ್ಲಾ?" ಎನ್ನುತ್ತ ಜನಾಬಾಯಿ ಅವನ ಕೈಗೂ ಒಂದು ಲೋಟ ಚಹಾ ಕೊಟ್ಟಳು. ಅವನು ರೂಢಿಯಂತೆ ಎರಡು ಗುಟುಕು ಕುಡಿದ. "ಅದ ಸಕ್ಕರಿ ಹಾಕೇನಪಾ ಅದಕ್ಕ. ಕುಡದಿ, ಇನ್ನ ನೀನೂ ಅವರಾಂವ ಆದಿ ನೋಡು!"

ನನಗೆ ನಗು ಬಂತು. ಧೋಂಡುವಿನ ಮುಖದಲ್ಲೂ ಏನೋ ಸಡಿಲಾಯಿತು. ಮಾರುತಿ ನಗಲಿಲ್ಲ. ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದ. "ನಾಳಿಂದ ಹಾಲು ನೀವ ಒಯ್ಕೋರಿ ಆಯಿ. ನಿಮ್ಮ ಮನೀದಷ್ಟ ಅಲ್ಲ, ಇಡೀ ವಾಡದ್ದು." ಗಾಡಿ ಹತ್ತಿದವನು ಅಲ್ಲಿಂದಲೇ ಹೇಳಿದ, "ಇವರು ಸಾಕ್ಷಿ ಸಿಗದ ಬರಿಗೈಲೆ ಹೋಗಬೇಕು, ನೀವೂ ಬರಿಗೈಲೆ ಇರಬೇಕು. ಅಂದ್ರ ನಾಳಿ ಗಾಡಿ ಬರತೈತಿ."

ಸದ್ದು ದೂರವಾದ ಮೇಲೆ ಧೋಂಡು ನನ್ನ ಕಡೆ ನೋಡದೆ ಹೇಳಿದ.

"ನಾ ಸಹಿ ಮಾಡಿದ್ದು ಖರೇ ಬಾಯಾರ. ಹೆಣಾ ಗಾಡಿಯಾಗ ಇತ್ತು. ಕಾಗದ ತಂದು ಹಿಡದ್ರು. ಏನ ಬರದಾರ ಅಂತ ಓದಲಿಲ್ಲ. ಆಮ್ಯಾಲ ಓದಿದೆ."

"ಓದಿ?"

"ಸುಮ್ಮನಾದೆ."

ಅವನು ತಾಯಿಯ ಕಡೆ ತಿರುಗಿದ. "ಅವ್ವಾ, ನೀ ಹೋಗಿ ಖರೇ ಹೇಳಿ ಬರ್ತಿ. ಮುಂಜಾನೆ ಇಲ್ಲಿ ಹಾಲ ಕೆಡತೈತಿ. ಎಲ್ಲಾರ ಮನೀದೂ. ಯಾರ ಬಾಗಲಕ್ಕ ನಿಂತು ನಾವು ಉತ್ತರಾ ಹೇಳೂಣು?"

ಜನಾಬಾಯಿ ಏನೋ ಹೇಳಲು ಬಾಯಿ ತೆರೆದಳು. ಸುತ್ತಲಿನ ಮನೆಗಳ ಬಾಗಿಲಲ್ಲಿ ಹೆಂಗಸರು ಬಂದು ನಿಂತಿದ್ದರು. ಅವಳು ಒಂದೊಂದೇ ಬಾಗಿಲನ್ನು ನೋಡಿದಳು. ಆಮೇಲೆ ಒಲೆಯ ಕಟ್ಟಿಗೆಯನ್ನು ಹೊರಗೆಳೆದು ನೀರು ಚಿಮುಕಿಸಿ ಆರಿಸಿದಳು.

"ಬರಬ್ಯಾಡ್ರಿ ಆಯಿ" ಎಂದಳು ಸುಗುಣಾ. ಧ್ವನಿ ಒರಟಾಗಿತ್ತು.

ಧೋಂಡು ಚೀಲದ ಬಾಯಿ ಕಟ್ಟಿ ತಂದು ಅವಳ ಮುಂದೆ ಹಿಡಿದ. ಅದರಲ್ಲಿ ನಾಲ್ಕು ಲೋಟ ಚಹಾದಷ್ಟು ಸಕ್ಕರೆ ಕಡಿಮೆಯಾಗಿತ್ತು. ಸಾವಿನ ಮನೆಗೆ ಒಯ್ದದ್ದನ್ನು ಹಿಂದಕ್ಕೆ ಕೊಟ್ಟದ್ದನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಜನಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸುಗುಣಾ ಚೀಲ ತೆಗೆದುಕೊಂಡಳು. ಇಂಥ ಮನೆಯಿಂದ ಏಳುವಾಗ ಹೋಗಿ ಬರುತ್ತೇವೆ ಎನ್ನಬಾರದು. ನಾವೂ ಅನ್ನದೆ ಎದ್ದೆವು.

ರಸ್ತೆಗೆ ಬಂದು ಲೋಂಡಾದ ಬಸ್ಸು ಹಿಡಿದೆವು. ಆ ಟೆಂಪೋದಲ್ಲಿ ಮತ್ತೆ ಕೂರುವ ಧೈರ್ಯ ನನಗಿರಲಿಲ್ಲ. ಲೋಂಡಾ ನಿಲ್ದಾಣದಲ್ಲಿ ಬೆಳಗಾವಿಗೆ ಜನರಲ್ ಟಿಕೆಟ್ ತೆಗೆದೆ. ರೈಲು ತಡವಾಗಿತ್ತು. ಸುತ್ತ ಕಾಡು ಬೇಗ ಕಪ್ಪಾಯಿತು. ಸುಗುಣಾ ಸಕ್ಕರೆಯನ್ನು ಪ್ಲಾಟ್‌ಫಾರ್ಮಿನ ಚಹಾದವನಿಗೆ ಕೊಟ್ಟುಬಿಟ್ಟಳು. ಅವನು ಯಾಕೆಂದು ಕೇಳದೆ ಡಬ್ಬಿಗೆ ಸುರಿದುಕೊಂಡ.

ರೈಲಿನಲ್ಲಿ ಅವಳಿಗೆ ಕಿಟಕಿ ಬದಿ ಸಿಕ್ಕಿತು. ನಾಳೆ ಏನು ಹೇಳುತ್ತೀ ಎಂದು ಕೇಳಿದೆ.

"ಕೇಳಿದ್ರು, ಅದಕ್ಕ ಮಾಡಿದೆ ಅಂತೀನಿ. ಯಾರು ಅಂತ ಕೇಳಿದ್ರ ಹೇಳೂದಿಲ್ಲ."

"ಹಂಗಂದ್ರ ಯಾರ ನಂಬತಾರ?"

"ಯಾರೂ ಇಲ್ಲ."

ಮರುದಿನ ಅವಳು ಹಾಗೆಯೇ ಹೇಳಿದಳು. ಯಾರೂ ನಂಬಲಿಲ್ಲ. ಸಂಜೆ ತನ್ನ ಡ್ಯೂಟಿಯ ಬಿಳಿ ಬೂಟುಗಳನ್ನು ಚೀಲದಲ್ಲಿ ಹಾಕಿಕೊಂಡು ಮಹಾಂತೇಶ ನಗರದ ನಮ್ಮ ಮನೆಗೆ ಬಂದಳು. ದೂರು ಠಾಣೆಗೆ ಹೋಗುತ್ತದೆಯೋ ಇಲ್ಲವೋ ಈಗಲೂ ನಮಗೆ ತಿಳಿದಿಲ್ಲ.

ಆದರೆ ರೈಲಿನಲ್ಲಿ ಅದಿನ್ನೂ ಆಗಿರಲಿಲ್ಲ. ಅವಳಿಗೆ ಸಮಾಧಾನವಾಗಲಿ ಎಂದು, ಭಾನುವಾರದ ಶಾಲೆಯ ಮಕ್ಕಳಿಗೆ ಹೇಳುವ ಧಾಟಿಯಲ್ಲಿ ನಾನೆಂದೆ, "ಆ ಮನಿಯವರನ್ನ ಕ್ಷಮಿಸಿದಿ. ಅದ ದೊಡ್ಡದು ಮಗಾ. ದೇವರು ನೋಡ್ಯಾನ."

ಖಾನಾಪುರ ಬಂತು. ಯಾರೋ ಖಾಲಿ ಹಾಲಿನ ಕ್ಯಾನುಗಳನ್ನು ಹತ್ತಿಸಿ ಬಾಗಿಲಲ್ಲಿ ಜೋಡಿಸಿದರು. ರೈಲು ಹೊರಟಿತು. ಕಿಟಕಿಯ ಆಚೆ ದೀಪಗಳು ಹಿಂದೆ ಬಿದ್ದು ಕತ್ತಲೆಯಾದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ನಾ ಕ್ಷಮಿಸಿಲ್ಲ ಮೌಶಿ. ಹಾಲು ಕೆಡಬಾರದು ಅಂತ ಸುಮ್ಮನಾಗೇನಿ, ಅಷ್ಟ. ಕ್ಷಮಿಸಿದ್ಲು ಅಂತ ಯಾರ ಮುಂದೂ ಹೇಳಬ್ಯಾಡ. ಚರ್ಚಿನ್ಯಾಗಂತೂ ಹೇಳಲೇಬ್ಯಾಡ."